ಕಬ್ಬಿನ ಗದ್ದೆಯಲ್ಲಿ ಚಿರತೆ



2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ರಾತ್ರಿ ಅಂಗಡಿಗೆ ಹೊರಟ ಬಾಲಕನೊಬ್ಬನೂ ಇದ್ದನು.

ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಆಳೆತ್ತರದ ಕಬ್ಬು ಅದಕ್ಕೆ ಮರೆ. ಊರಿನ ನಾಯಿ, ಕುರಿ, ಮೇಕೆಗಳು ಅದಕ್ಕೆ ಆಹಾರ. ಹೆಣ್ಣು ಚಿರತೆಯು ಕಬ್ಬಿನೊಳಗೇ ಮರಿ ಹಾಕುವುದುಂಟು.

ಕಟಾವಿನ ವೇಳೆ ಮರಿಗಳು ಕಂಡರೆ ಎತ್ತಿಕೊಳ್ಳಬೇಡಿ. ಅವು ತಬ್ಬಲಿಗಳಲ್ಲ, ತಾಯಿ ಹತ್ತಿರದಲ್ಲಿಯೇ ಇರಬಹುದು. ಕೂಡಲೇ ಕೆಲಸ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕರೆತಂದು ಅರಣ್ಯ ಇಲಾಖೆಗೆ ತಿಳಿಸಿ. ಮರಿಗಳು ಅಲ್ಲಿಯೇ ಇದ್ದರೆ ತಾಯಿಯು ಸಾಮಾನ್ಯವಾಗಿ ರಾತ್ರಿ ಬಂದು ಒಯ್ಯುತ್ತದೆ. ಮರಿ ಕಾಣದ ತಾಯಿ ಅಲ್ಲಿಯೇ ಸುಳಿದಾಡುತ್ತದೆ, ಅದು ಅಪಾಯ.

ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿ. ನೀರು ಹಾಯಿಸಲು ಇಬ್ಬರು ಜೊತೆಯಾಗಿ, ಬ್ಯಾಟರಿ ದೀಪ ಹಿಡಿದು, ಗಟ್ಟಿಯಾಗಿ ಮಾತನಾಡುತ್ತ ಹೋಗಿ. ಕುರಿ ಮೇಕೆಗಳನ್ನು ಭದ್ರವಾದ ಬಾಗಿಲುಳ್ಳ ಕೊಟ್ಟಿಗೆಯಲ್ಲಿ ಕೂಡಿಹಾಕಿ.

ಚಿರತೆ ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ಬಗ್ಗಬೇಡಿ. ಅದಕ್ಕೆ ದಾರಿ ಬಿಟ್ಟು ಮೆಲ್ಲನೆ ಹಿಂದೆ ಸರಿಯಿರಿ. ಗುಂಪುಗೂಡಿ ಸುತ್ತುಗಟ್ಟಿದರೆ ಹೆದರಿದ ಚಿರತೆ ಮೇಲೆ ಬೀಳುತ್ತದೆ.

ಕಬ್ಬು ಕಡಿಯಲು ಬರುವ ಆಳುಗಳಿಗೂ ಈ ವಿಷಯವನ್ನು ತಪ್ಪದೆ ತಿಳಿಸಿ.