ತೊಟ್ಟು ಬಿಡಿಸದೆ ಕಸಿ ಮಾಡುವ ಚರ್ಮ

ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗನೊಬ್ಬ ಸೋದರಮಾವನ ಬೈಕಿನಲ್ಲಿ ಜಾತ್ರೆಗೆ ಹೊರಟಿದ್ದ. ಅಂದಕ್ಕೆಂದು ಮಾವ ಸೀರೆ ಗಾರ್ಡ್ ಬಿಚ್ಚಿಸಿದ್ದ. ಜೋತಾಡುತ್ತಿದ್ದ ಪಾದ ಚಕ್ರದ ಕಡ್ಡಿಗಳಿಗೆ ಸಿಕ್ಕಿತು. ಮೂಳೆ ಮುರಿದಿರಲಿಲ್ಲ; ಮನೆಯವರು ಕಾಫಿಪುಡಿ ಮೆತ್ತಿ ಬಟ್ಟೆ ಕಟ್ಟಿದರು. ಜಜ್ಜಿದ ಗಾಯದಲ್ಲಿ ಇದೇ ಮೋಸ. ಒಳಗಿನ ರಕ್ತನಾಳಗಳು ನಜ್ಜುಗುಜ್ಜಾದರೂ ಮೇಲಿನ ಚರ್ಮ ಮೊದಲು ಚೆನ್ನಾಗಿಯೇ ಕಾಣುತ್ತದೆ. ನಾಲ್ಕೈದು ದಿನಗಳಲ್ಲಿ ಹಿಮ್ಮಡಿಯ ಮೇಲಿನ ಚರ್ಮ ಕಪ್ಪಾಗಿ ಕಳಚಿತು. ಒಳಗೆ ಬೆಳ್ಳಗೆ ಸ್ನಾಯುರಜ್ಜು ಕಾಣಿಸಿತು.

"ಮೇಷ್ಟ್ರೇ, ತೊಡೆಯ ಚರ್ಮ ತೆಗೆದು ಅಂಟಿಸಿದರೆ ಆಗೋದಿಲ್ಲವೇ?" ಎಂದು ಅವನ ತಂದೆ ಕೇಳಿದರು. ನಾನು ವೈದ್ಯನಲ್ಲ, ಆದರೂ ಉತ್ತರ ನಮ್ಮ ಜೀವಶಾಸ್ತ್ರದ ಪಾಠದಲ್ಲೇ ಇದೆ. ನಾಟಿ ಮಾಡಿದ ಪೈರು ಗದ್ದೆಯಿಂದಲೇ ನೀರು ಹೀರಬೇಕು. ಕಸಿ ಮಾಡಿದ ತೆಳು ಚರ್ಮವೂ ಹಾಗೆಯೇ: ಮೊದಲೆರಡು ದಿನ ಗಾಯದ ತಳದಲ್ಲಿ ಒಸರುವ ದ್ರವದಿಂದ ಬದುಕಿ, ಆಮೇಲೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳೊಡನೆ ಬೆಸೆದುಕೊಳ್ಳಬೇಕು. ಪೊರೆ ಕಳೆದುಕೊಂಡ ಸ್ನಾಯುರಜ್ಜು, ಮೂಳೆಗಳು ಬಂಡೆಯಿದ್ದಂತೆ, ನಾಟಿ ಹಿಡಿಯುವುದಿಲ್ಲ. ಪಕ್ಕದ ಚರ್ಮ ಎಳೆದು ಹೊಲಿಯೋಣವೆಂದರೆ ಕಾಲ್ಗಿಣ್ಣಿನ ಬಳಿ ಅದು ಬಹಳ ಬಿಗಿ. ವಿದ್ಯಾರ್ಥಿಗಳೇ, ನೀವೇ ಚಿವುಟಿ ನೋಡಿ.

ಆಗ ಬೇಕಾಗುವುದು ಫ್ಲ್ಯಾಪ್. ಚರ್ಮ, ಅದರಡಿಯ ಕೊಬ್ಬು, ರಕ್ತ ತರುವ ನಾಳ ಮೂರನ್ನೂ ಒಟ್ಟಿಗೆ ಎತ್ತಿ, ಒಂದು ಕಡೆ ತೊಟ್ಟು ಉಳಿಸಿಕೊಂಡು ಗಾಯದ ಮೇಲೆ ತಿರುಗಿಸಿ ಹೊಲಿಯುತ್ತಾರೆ. ಅಮೆರಿಕದ ಹ್ಯಾಮಿಲ್ಟನ್ 1854ರಲ್ಲಿ ಒಂದು ಕಾಲಿನ ಫ್ಲ್ಯಾಪನ್ನು ಇನ್ನೊಂದು ಕಾಲಿಗೆ ಹೊಲಿಯುವ ವಿಧಾನ ತಿಳಿಸಿದ. ಅಲ್ಲಿ ಹೊಸ ರಕ್ತನಾಳ ಬೆಳೆಯುವವರೆಗೆ, ಸುಮಾರು ಮೂರು ವಾರ, ಎರಡೂ ಕಾಲು ಜೋಡಿಸಿಯೇ ಇರಬೇಕು. ಒಂದು ಪೀರಿಯಡ್ ಸುಮ್ಮನೆ ಕೂರದ ಹುಡುಗರನ್ನು ಬಲ್ಲ ನನಗೆ ಅದನ್ನು ಊಹಿಸುವುದೇ ಕಷ್ಟ!

1992ರಲ್ಲಿ ಫ್ರಾನ್ಸಿನ ಮಾಸ್ಕೆಲೆ ಮತ್ತು ಸಂಗಡಿಗರು ವಿವರಿಸಿದ ವಿಧಾನ ನಮ್ಮ ಹುಡುಗನಿಗೆ ಒದಗಿತು. ಮೀನಖಂಡದ ಹಿಂಭಾಗದಿಂದ ಫ್ಲ್ಯಾಪ್ ಎತ್ತಿ ಕೆಳಕ್ಕೆ ಹೊರಳಿಸುವುದು ಇದರ ಕ್ರಮ. ತೊಟ್ಟು ಇರುವುದು ಕೆಳಗೆ, ದೊಡ್ಡವರಲ್ಲಿ ಹೊರಗಿನ ಕಾಲ್ಗಿಣ್ಣಿಗಿಂತ ಸುಮಾರು 5 ಸೆಂಟಿಮೀಟರ್ ಮೇಲೆ. ಮೇಲಿನಿಂದ ಬರುವ ರಕ್ತದ ದಾರಿ ಕತ್ತರಿಸಿದರೂ ಕೆಳಗಿನ ಸಣ್ಣ ಕವಲುಗಳಿಂದ ರಕ್ತ ಹಿಮ್ಮುಖವಾಗಿ ಏರುತ್ತದೆ. ನಾಲೆಯ ಬಾಯಿ ಮುಚ್ಚಿ ಬಾಲದ ಕಡೆಯಿಂದ ನೀರು ಹತ್ತಿಸಿದ ಹಾಗೆ. ಮೀನಖಂಡದಲ್ಲಿ ಬರಿದಾದ ಜಾಗದ ಅಡಿ ರಕ್ತ ತುಂಬಿದ ಸ್ನಾಯುವಿದೆ. ತಂದೆ ಕೇಳಿದ್ದ ತೊಡೆಯ ಚರ್ಮವನ್ನು ಅಲ್ಲಿಗೆ ಹಾಕಿದರು; ಹಿಡಿಯಿತು.

ಮೊದಲ ಕೆಲವು ದಿನ ಫ್ಲ್ಯಾಪಿನ ಬಣ್ಣ ನೋಡುವುದೇ ದೊಡ್ಡ ಕೆಲಸ. ನೀಲಿಗಟ್ಟಿದರೆ ರಕ್ತ ಹೊರಹೋಗುತ್ತಿಲ್ಲ, ಬಿಳಚಿದರೆ ಒಳಬರುತ್ತಿಲ್ಲ ಎಂದರ್ಥ. ತೊಟ್ಟಿನ ಮೇಲೆ ಭಾರ ಬೀಳಬಾರದೆಂದು ತಾಯಿ ರಾತ್ರಿಯೆಲ್ಲ ಕಾಲು ಕಾಯ್ದರು.

ಈಗ ಹುಡುಗ ಓಡುತ್ತಾನೆ. ಹಿಮ್ಮಡಿ ದಪ್ಪವಾಗಿರುವುದರಿಂದ ಒಂದು ಅಳತೆ ದೊಡ್ಡ ಶೂ. ಫ್ಲ್ಯಾಪಿನ ಜೊತೆ ಒಂದು ಸ್ಪರ್ಶನರವೂ ಹೋಗುವುದರಿಂದ ಪಾದದ ಹೊರ ಅಂಚು ಜೋಮು. ಮಾವ ಸೀರೆ ಗಾರ್ಡ್ ಮತ್ತೆ ಹಾಕಿಸಿದ್ದಾನೆ.