'ಪಾಪ' ಅನ್ನುವ ಮೊದಲು

ನಮ್ಮ ಸ್ವಸಹಾಯ ಸಂಘಗಳ ನಿಯಮ ನಿಮಗೆಲ್ಲ ಗೊತ್ತೇ ಇದೆ. ಕಾರಣ ಹೇಳದೆ ವಾರದ ಸಭೆಗೆ ತಪ್ಪಿಸಿಕೊಂಡರೆ ದಂಡ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಸಂಘದ ಪುಸ್ತಕ ನೋಡುತ್ತಿದ್ದೆ. ಒಬ್ಬ ಸದಸ್ಯೆ ಎಂಟು ವಾರ ಗೈರುಹಾಜರು, ದಂಡ ಮಾತ್ರ ಇಲ್ಲ. ಯಾಕೆ ಎಂದು ಕೇಳಿದರೆ, "ಪಾಪ ಸಿಸ್ಟರ್, ಅವಳಿಗೆ ಪೋಲಿಯೊ. ಅವಳ ಹತ್ರ ಏನು ದಂಡ ತಗೊಳ್ಳೋದು?" ಅಂದರು. ನನಗೂ ಅದು ದೊಡ್ಡ ಮನಸ್ಸಿನ ಮಾತಾಗಿಯೇ ಕಂಡಿತು. ಒಳ್ಳೇದು ಮಾಡಿದ್ರಿ ಎಂದು ಹೊಗಳಿಯೂ ಬಂದೆ.

ಆಮೇಲೆ ಅವಳ ಮನೆಗೆ ಹೋದೆ. ಹೋದವಳು ಮಾತನಾಡಿದ್ದು ಅವಳ ತಾಯಿಯ ಜೊತೆ. "ಹೇಗಿದ್ದಾಳೆ? ಊಟ ಸರಿಯಾಗಿ ಮಾಡ್ತಾಳಾ?" ಅವಳು ನನ್ನ ಎದುರಿಗೇ ಕೂತಿದ್ದಳು! ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವಳೇ ಹೇಳಿದಳು: "ಸಿಸ್ಟರ್, ಸಭೆಯನ್ನು ಮೆಟ್ಟಿಲಿಲ್ಲದ ಕಡೆ ಮಾಡಿ. ಆಮೇಲೂ ನಾನು ಬರದಿದ್ರೆ ಎಲ್ಲರ ಹಾಗೆ ದಂಡ ಹಾಕಿ." ಮೂರು ಚಕ್ರದ ಸೈಕಲ್‌ನಲ್ಲಿ ಆ ಕಟ್ಟಡದ ಮುಂದೆ ತನಕ ಅವಳು ಒಬ್ಬಳೇ ಬರಬಲ್ಲಳು. ಅಲ್ಲಿಂದ ಐದು ಮೆಟ್ಟಿಲು. ಅಣ್ಣ ಎತ್ತಿಕೊಂಡು ಹತ್ತಿಸಬೇಕಿತ್ತು, ವಯಸ್ಸಿಗೆ ಬಂದ ಹುಡುಗಿಗೆ ಅದು ಸಂಕೋಚ. ಆ ಜಾಗ ಆರಿಸಿದವಳು ನಾನೇ.

ವಿಚಾರಿಸುತ್ತಾ ಹೋದಂತೆ ಇನ್ನಷ್ಟು ಗೊತ್ತಾಯಿತು. ಆ ಸಂಘದಲ್ಲಿ ಹತ್ತನೇ ತರಗತಿ ಪಾಸಾದವಳು ಅವಳೊಬ್ಬಳೇ. ಆದರೂ ಲೆಕ್ಕ ಬರೆಯುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಎರಡು ಸಲ ಸಾಲ ಕೇಳಿದ್ದಳು. "ಪಾಪ, ತೀರಿಸೋದು ಹೇಗೆ" ಅಂತ ಕೊಟ್ಟಿರಲಿಲ್ಲ. ಉಳಿತಾಯದ ಹಣ ಮಾತ್ರ ಅವಳ ತಾಯಿಯ ಕೈಯಿಂದ ಪ್ರತಿ ವಾರ ತಪ್ಪದೆ ತೆಗೆದುಕೊಂಡಿದ್ದರು.

ನಮ್ಮ ಭಾಷೆಯಲ್ಲಿ ಈ 'ಪಾಪ'ಕ್ಕೆ ಎರಡು ಮುಖ. ಅಯ್ಯೋ ಪಾಪ ಎಂದ ಬಾಯಲ್ಲೇ 'ಯಾವ ಜನ್ಮದ ಪಾಪವೋ' ಎಂದೂ ಬರುತ್ತದೆ. ಪೋಲಿಯೊ ಬರುವುದು ವೈರಾಣುವಿನಿಂದ. ಲಸಿಕೆಯ ಫಲವಾಗಿ 2014ರಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ದೇಶವೆಂಬ ಪ್ರಮಾಣಪತ್ರ ಸಿಕ್ಕಿತು. ಎರಡು ಹನಿ ಹಾಕಿದರೆ ತಡೆಯಬಹುದಾದದ್ದು ಪಾಪದ ಫಲ ಹೇಗಾದೀತು?

ಕನಿಕರ ಕೆಟ್ಟದ್ದೇನಲ್ಲ. ಆದರೆ ಅದು ಎದುರಿಗಿದ್ದವರಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ಏನೂ ನಿರೀಕ್ಷೆ ಇಲ್ಲದವರಿಗೆ ನಾವು ಕೆಲಸ ಕೊಡುವುದಿಲ್ಲ, ಸಾಲ ಕೊಡುವುದಿಲ್ಲ, ಅವರ ಮದುವೆಯ ಮಾತೆತ್ತುವುದಿಲ್ಲ, ಕೊನೆಗೆ ಅವರ ಜೊತೆ ಜಗಳ ಕೂಡ ಆಡುವುದಿಲ್ಲ.

ಹೊಗಳಿಕೆಯಲ್ಲೂ ಒಂದು ತೊಡಕಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸ್ವತಃ ಅಂಧರು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಪದಕ ಗೆದ್ದರು. ನಮಗೆಲ್ಲ ಹೆಮ್ಮೆಯೇ. ಆದರೆ ಕಣ್ಣು ಕಾಣದ ಮಗುವನ್ನು ಕಂಡ ಕೂಡಲೇ "ಸಂಗೀತಕ್ಕೆ ಹಾಕಿ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಮಗುವಿಗೆ ರಾಗ ತಾಳದ ಗಂಧವೇ ಇಲ್ಲದಿರಬಹುದು, ಅಂಗಡಿ ಇಡುವ ಆಸೆ ಇರಬಹುದು. ಎಲ್ಲರಿಗೂ ಪದಕ ಬೇಕಿಲ್ಲ; ಪಂಚಾಯ್ತಿ ಕಚೇರಿಗೆ ಒಂದು ಇಳಿಜಾರು ದಾರಿ ಬೇಕು, ಅಷ್ಟೇ.

ಕಾನೂನು ನಮಗಿಂತ ಮುಂದೆ ಹೋಗಿದೆ. 1995ರ ಕಾಯಿದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯಿದೆಯಲ್ಲಿ 21. ಆಸ್ತಿ ಹೊಂದುವುದು, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವುದು, ಬ್ಯಾಂಕ್ ಸಾಲ ಪಡೆಯುವುದು ಇವೆಲ್ಲ ಎಲ್ಲರಷ್ಟೇ ಅವರಿಗೂ ಹಕ್ಕು ಎಂದು ಅದರ 13ನೇ ಕಲಂ ಹೇಳುತ್ತದೆ. ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ಮೀಸಲಿದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ನಿಮ್ಮ ಪಂಚಾಯ್ತಿಯಲ್ಲಿ ಕೇಳಿ. (ಕಾಗದಪತ್ರಗಳಲ್ಲಿ 'ವಿಕಲಚೇತನ' ಎಂಬ ಪದ ಬಂದಿದೆ. ನನಗೇನೋ ಅದು ಒಪ್ಪಿಗೆಯಿಲ್ಲ. ಕಾಲಿಗೆ ಪೋಲಿಯೊ ಬಂದರೆ ಚೇತನ ಯಾಕೆ ವಿಕಲವಾಗಬೇಕು?)

ಆ ಸಂಘದ ಸಭೆ ಹುಣಸೆ ಮರದ ಕೆಳಗೆ ಬಂತು. ಮಳೆಗಾಲದಲ್ಲಿ ಕಷ್ಟ ಎಂದು ಕೆಲವರು ಗೊಣಗಿದರು. ಲೆಕ್ಕದ ಪುಸ್ತಕ ಬೇಗನೆ ಅವಳ ಕೈಗೆ ಹೋಯಿತು, ಸಾಲದ ವಿಷಯ ಮಾತ್ರ ಇನ್ನೂ ಆರು ತಿಂಗಳು ಎಳೆದಾಡಿತು. ಹಳೆಯ ಎಂಟು ವಾರದ ದಂಡ ಕಟ್ಟಲು ಅವಳು ಒಪ್ಪಲಿಲ್ಲ, ಅದು ಮೆಟ್ಟಿಲಿನ ತಪ್ಪು ಅಂದಳು. ಮುಂದೆ ಒಂದು ಸಲ ಜಾತ್ರೆಗೆ ಹೋಗಿ ಸಭೆ ತಪ್ಪಿಸಿಕೊಂಡಾಗ, ಐದು ರೂಪಾಯಿ ದಂಡವನ್ನು ತನ್ನ ಹೆಸರಿನ ಮುಂದೆ ತಾನೇ ಬರೆದುಕೊಂಡಿದ್ದಳು.