ಹನ್ನೊಂದನೆಯ ಚುಕ್ಕಿ

ಸುರಪುರದಲ್ಲಿರುವ ನಮ್ಮ ಆಯಿಯ ಬಲಗೈ ಮೇಲೊಂದು ತುಳಸಿಕಟ್ಟೆ ಇದೆ. ಮೂರು ಮೆಟ್ಟಿಲಿನ ಕಟ್ಟೆ, ನಡುವೆ ಗಿಡ, ಎರಡೂ ಬದಿಗೆ ಚುಕ್ಕಿಗಳ ಸಾಲು. ಎಡಗಡೆ ಹನ್ನೊಂದು ಚುಕ್ಕಿ, ಬಲಗಡೆ ಹತ್ತು. ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಳ್ವಿಕೆ ಹೋದ ಎರಡು ಮೂರು ವರ್ಷಕ್ಕೆ ಹಾಕಿಸಿದ್ದಂತೆ. ಆಗ ಆಯಿಗೆ ಒಂಬತ್ತು ವರ್ಷ. ಅಂಗಳದಲ್ಲಿ ಇಬ್ಬರು ದೊಡ್ಡವರು ಹಿಡಿದುಕೊಂಡಿದ್ದರೂ ಕೊನೆಯ ಚುಕ್ಕಿಯ ಹೊತ್ತಿಗೆ ಅಳುತ್ತ ಕೈ ಕಿತ್ತುಕೊಂಡು ಓಡಿದಳು, ಮತ್ತೆ ಸಿಗಲಿಲ್ಲ. ಹಚ್ಚಿ ಹಾಕುವಾಕಿ ಒಂದು ಸೇರು ಜೋಳ, ಒಂದು ಹಳೇ ಕುಪ್ಪಸ ತಗೊಂಡು ಮುಂದಿನ ಓಣಿಗೆ ಹೋದಳು. ಎಪ್ಪತ್ತು ವರ್ಷ ದಾಟಿದರೂ ಆ ಒಂದು ಚುಕ್ಕಿಯ ಜಾಗ ಹಾಗೇ ಖಾಲಿ ಇದೆ.

ನಮ್ಮ ಕಡೆ ಹಚ್ಚೆಗೆ ಹಚ್ಚಿ ಎನ್ನುತ್ತಾರೆ, ಕೆಲವರು ಹಣಚಿಬಟ್ಟು ಎನ್ನುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹೆಂಗಸರ ಕೈ ನೋಡಿ: ತುಳಸಿಕಟ್ಟೆ, ತೊಟ್ಟಿಲು, ಚೇಳು, ಗದ್ದದ ಮೇಲೊಂದು ಚುಕ್ಕಿ, ಕೆಲವರಿಗೆ ಗಂಡನ ಹೆಸರು. ಬಾಯಲ್ಲಿ ಹೇಳಬಾರದ ಹೆಸರನ್ನು ಕೈ ಮೇಲೆ ಬರೆಸಿಕೊಳ್ಳಬಹುದಿತ್ತು. ಯಾಕೆ ಹಾಕಿಸಿಕೊಂಡಿರಿ ಎಂದು ಕೇಳಿದರೆ ಬರುವ ಉತ್ತರ ಬಹುಪಾಲು ಒಂದೇ. ಆಯಿಯೂ ಅದನ್ನೇ ಹೇಳಿದಳು: “ಬಂಗಾರ ಬಿಚ್ಚಿಕೊಂಡು ಕಳಸ್ತಾರ. ಹಚ್ಚಿ ಯಾರ್ ಬಿಚ್ಚಿಕೊಳ್ತಾರ? ಅದೊಂದ ನಮ್ ಕೂಡ ಬರ್ತದ.”

ಈ ಕೆಲಸ ಹೆಚ್ಚಾಗಿ ಕೊರವ, ಕೊರಚ, ಕೊರಮ ಹೆಂಗಸರದ್ದು. ಈಚಲ ಗರಿಯ ಬುಟ್ಟಿ, ಪೊರಕೆ ಮಾರುತ್ತ, ಕಣಿ ಹೇಳುತ್ತ ಊರೂರು ತಿರುಗುವವರ ಜೋಳಿಗೆಯಲ್ಲಿ ಸೂಜಿಯೂ ಇರುತ್ತಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಇವರ ಹಚ್ಚೆ ಕೆಲಸದ ಪ್ರಸ್ತಾಪವಿದೆ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ತಮ್ಮವನೆಂದು ಪೂಜಿಸುವ ಈ ಸಮುದಾಯವನ್ನು ಬ್ರಿಟಿಷ್ ಸೀಮೆಯಲ್ಲಿ, 1871ರಲ್ಲಿ ಬಂದು ಮುಂದೆ ದಕ್ಷಿಣಕ್ಕೂ ಹರಡಿದ ಕಾಯ್ದೆಯ ಬಲದಿಂದ ಹುಟ್ಟಾ ಅಪರಾಧಿಗಳ ಪಟ್ಟಿಗೆ ಸೇರಿಸಿದ್ದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಮನೆಯ ಹೆಣ್ಣುಮಕ್ಕಳ ಮೈ ಮುಟ್ಟಿ, ಸಾಯುವತನಕ ಉಳಿಯುವ ಗುರುತು ಇಟ್ಟು ಹೋಗುವಷ್ಟು ನಂಬಿಕೆಯನ್ನು ಊರು ಇವರ ಮೇಲೆ ಇಟ್ಟಿತ್ತು. ಅದೇ ಕಾಲಕ್ಕೆ ಸರ್ಕಾರದ ಕಾಗದದಲ್ಲಿ ಅವರು ಕಳ್ಳರಾಗಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆಯಿಯ ಕೈ ಮೇಲಿನ ಚಿತ್ರ ಬರೆದವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸಾಮಾನು ಸರಳ. ದಾರದಿಂದ ಸುತ್ತಿ ಕಟ್ಟಿದ ಮೂರು ನಾಲ್ಕು ಸೂಜಿ, ಎಣ್ಣೆ ದೀಪದ ಮಸಿ, ಅದನ್ನು ಕಲಸಲು ಗರಗದ ಸೊಪ್ಪಿನ ರಸ ಅಥವಾ ಬಾಣಂತಿಯ ಎದೆಹಾಲು. ಗದ್ದೆಯ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ಬಿಳಿ ಹೂ ಬಿಡುವ ಅದೇ ಗರಗ. ಅದರ ಎಲೆಯ ರಸ ಗಾಳಿಗೆ ಕಪ್ಪಾಗುತ್ತದೆ, ಕೂದಲ ಎಣ್ಣೆಗೂ ಬಳಸುತ್ತೇವೆ. ಮಸಿ ಕಪ್ಪು, ರಸವೂ ಕಪ್ಪು. ಹಾಗಿದ್ದ ಮೇಲೆ ಹಳೆಯ ಹಚ್ಚೆ ಹಸಿರು ನೀಲಿಯಾಗಿ ಕಾಣುವುದೇಕೆ? ಚರ್ಮದ ಆಳದಲ್ಲಿರುವ ಕಪ್ಪು ಬಣ್ಣವನ್ನು ನಾವು ಮೇಲಿನ ಚರ್ಮದ ಮೂಲಕ ನೋಡುತ್ತೇವೆ. ಆ ಪದರ ನೀಲಿ ಬೆಳಕನ್ನು ಹೆಚ್ಚು ಚದುರಿಸಿ ಕಣ್ಣಿಗೆ ಕಳಿಸುತ್ತದೆ.

ಸೂಜಿ ಎತ್ತಿದ ಮೇಲೆ ಹಚ್ಚೆಯ ಇನ್ನರ್ಧ ಕೆಲಸ ಶುರುವಾಗುತ್ತದೆ. ಅದನ್ನು ಮಾಡುವುದು ನಮ್ಮ ಮೈ. ನಮ್ಮ ಮೇಲ್ಪದರದ ಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಬಣ್ಣ ಅಲ್ಲೇ ಉಳಿದರೆ ಮೆಹಂದಿಯ ಹಾಗೆ ಹೋಗಿಬಿಡುತ್ತದೆ. ಅದಕ್ಕೇ ಸೂಜಿ ಒಂದೆರಡು ಮಿಲಿಮೀಟರ್ ಆಳಕ್ಕೆ, ಒಳಚರ್ಮಕ್ಕೆ ಇಳಿಯಬೇಕು. ಹೆಚ್ಚು ಇಳಿದರೆ ಬಣ್ಣ ಹರಡಿ ಮಬ್ಬಾಗುತ್ತದೆ, ಕಡಿಮೆಯಾದರೆ ಉದುರುತ್ತದೆ. ಗಾಯವಾಯಿತೆಂದು ಮೈಯ ಕಾವಲು ಕಣಗಳು ಓಡಿಬಂದು ಮಸಿಯ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಚರ್ಮದಲ್ಲಿ ಮುಂದಿನದ್ದನ್ನು ಕಂಡರು. ಮಸಿ ಹೊತ್ತ ಕಣ ಸತ್ತಾಗ ಮಸಿ ಹೊರಬೀಳುತ್ತದೆ, ಪಕ್ಕಕ್ಕೆ ಹೊಸದಾಗಿ ಬಂದ ಕಣ ಅದನ್ನು ಎತ್ತಿಕೊಳ್ಳುತ್ತದೆ. ಆಯಿಯ ತುಳಸಿಕಟ್ಟೆಯನ್ನೂ ಹೀಗೇ ಒಂದು ತಲೆಮಾರಿನ ಕಣ ಇನ್ನೊಂದರ ಕೈಗೆ ಕೊಡುತ್ತ ಬಂದಿರಬೇಕು. ಕೈ ಬದಲಾದಂತೆ ಅಂಚು ಸ್ವಲ್ಪ ಸ್ವಲ್ಪವೇ ಚದುರುತ್ತದೆ.

ಹೊರಗೆ ನಮಗೆ ಕಾಣುವುದು ಇಷ್ಟು: ಮೊದಲೆರಡು ದಿನ ಕೆಂಪು, ಊತ, ಸಣ್ಣಗೆ ನೀರು ಒಸರುವುದು. ಆಮೇಲೆ ಹಕ್ಕಳೆ ಕಟ್ಟಿ, ತುರಿಸಿ, ಸಿಪ್ಪೆ ಏಳುತ್ತದೆ. ಮೇಲ್ಭಾಗ ಮಾಯಲು ಎರಡರಿಂದ ನಾಲ್ಕು ವಾರ ಬೇಕು, ಒಳಗೆ ಪೂರ್ತಿ ಕೂಡಿಕೊಳ್ಳಲು ತಿಂಗಳುಗಳು. ಹಕ್ಕಳೆ ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ. ಆಯಿಯ ಕಾಲದಲ್ಲಿ ಅರಿಶಿನ, ಔಡಲೆಣ್ಣೆ ಹಚ್ಚುತ್ತಿದ್ದರು. ಇಂದು ವೈದ್ಯರು ಹೇಳುವುದು ಇನ್ನೂ ಸರಳ. ಶುದ್ಧ ನೀರು, ಸೌಮ್ಯವಾದ ಸಾಬೂನು, ವಾಸನೆಯಿಲ್ಲದ ಮುಲಾಮಿನ ತೆಳು ಲೇಪ, ಬಿಸಿಲು ತಾಗದಂತೆ ಸಡಿಲ ಬಟ್ಟೆ. ನಮ್ಮ ಭಾಗಕ್ಕೆ ನಾನು ಎರಡು ಮಾತು ಸೇರಿಸುತ್ತೇನೆ. ಬೇಸಿಗೆಯಲ್ಲಿ ಹಾಕಿಸಿಕೊಳ್ಳಬೇಡಿ. ಯಾದಗಿರಿಯ ಬಿಸಿಲು, ಬೆವರು, ಎರೆಮಣ್ಣಿನ ಧೂಳು ಹಸಿ ಗಾಯಕ್ಕೆ ಒಳ್ಳೆಯದಲ್ಲ. ಹಾಕಿಸಿಕೊಂಡ ಮೇಲೆ ಮೂರು ವಾರ ಕಾಲುವೆಗೂ ಹೊಳೆಗೂ ಇಳಿಯಬೇಡಿ. ಸಕ್ಕರೆ ಕಾಯಿಲೆ ಇದ್ದವರು, ಗಾಯವಾದಲ್ಲಿ ಗಂಟು ಕಟ್ಟುವ ಮೈಯವರು ಮೊದಲು ಚರ್ಮದ ವೈದ್ಯರನ್ನು ಕಾಣಲಿ.

ಇದನ್ನು ಕಂಡುಂಡೇ ಹೇಳುತ್ತಿದ್ದೇನೆ. ನನ್ನ ಚಿಕ್ಕಪ್ಪನ ಮಗ ಒಂದು ಜಾತ್ರೆಯಲ್ಲಿ, ಬ್ಯಾಟರಿ ಮಷಿನ್ ಇಟ್ಟುಕೊಂಡು ಕೂತವನ ಹತ್ತಿರ ತೋಳಿಗೆ ಹೆಸರು ಬರೆಸಿಕೊಂಡ. ಸಾಲಿನಲ್ಲಿ ಅವನಿಗಿಂತ ಮುಂದೆ ಆರು ಜನ, ಸೂಜಿ ಒಂದೇ, ಬಣ್ಣದ ಬಟ್ಟಲೂ ಒಂದೇ. ಅಲ್ಲಿಂದ ನೇರವಾಗಿ ಹೊಳೆಗೆ ಹೋಗಿ ಮಿಂದ. ನಾಲ್ಕನೇ ದಿನ ತೋಳು ಬಾತು ಜ್ವರ ಬಂತು. ಕೀವು ತೆಗೆಸಿ ಗಾಯ ಮಾಯಿಸಿಕೊಂಡ. ಆದರೆ ಒಂದೇ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ದಾಟಬಲ್ಲವು ಎಂಬುದನ್ನು ವೈದ್ಯರ ಬಾಯಿಂದ ಕೇಳಿದಾಗ ಅವನ ಮುಖ ಬಿಳಿಚಿಕೊಂಡದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತ ತೆಗೆದುಕೊಳ್ಳದಿರುವುದು ಇದೇ ಭಯಕ್ಕೆ. ಬಣ್ಣದ ಗುಣಮಟ್ಟಕ್ಕೆ ಸರಿಯಾದ ನಿಯಮವಿಲ್ಲ ಎಂಬ ಮಾತು 2025ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯಿಂದಲೇ ಬಂತು. ಸೇನಾ ಭರ್ತಿಗೆ ಓಡುವ ಹುಡುಗರು ಇನ್ನೊಂದನ್ನು ತಿಳಿದಿರಬೇಕು: ಬುಡಕಟ್ಟು ಸಮುದಾಯದವರಿಗಿರುವ ವಿನಾಯಿತಿ ಬಿಟ್ಟರೆ, ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯ ಹಚ್ಚೆಗಷ್ಟೇ ಅಲ್ಲಿ ಒಪ್ಪಿಗೆ.

ಇನ್ನು ಒಬ್ಬರ ಹಚ್ಚೆಯನ್ನು ಇನ್ನೊಬ್ಬರು ನಕಲು ಮಾಡುವ ಮಾತು. ಆಯಿಗೆ ತುಳಸಿಕಟ್ಟೆ ಹಾಕಿದಾಕೆಯ ಹತ್ತಿರ ಪುಸ್ತಕ ಇರಲಿಲ್ಲ, ಪಟ ಇರಲಿಲ್ಲ. ತನ್ನ ಎರಡೂ ಕೈ ಮುಂದೆ ಚಾಚಿ, “ಇದರಾಗ ಯಾವ್ದು ಬೇಕು ನೋಡವ್ವ” ಅಂದಿದ್ದಳಂತೆ. ಅವಳ ಕೈಗೆ ಅವಳ ತಾಯಿ ಹಾಕಿದ್ದು, ತಾಯಿಗೆ ಅಜ್ಜಿ ಹಾಕಿದ್ದು. ಅಲ್ಲಿ ನಕಲೇ ವಿದ್ಯೆ. ಬಾಗಿಲ ಮುಂದಿನ ರಂಗೋಲಿ ಯಾರೊಬ್ಬರದೂ ಅಲ್ಲ, ಇದೂ ಹಾಗೇ. ಗರುಡಾದ್ರಿ ಮನೆತನದ ಕಲಾವಿದರು ಬೆಳೆಸಿದ, ಬಂಗಾರದ ಬಣ್ಣ ಮಿನುಗುವ ಸುರಪುರದ ಚಿತ್ರಕಲೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದ ಚಿಕಣಿ ಚಿತ್ರಕಲೆಯ ಪರಂಪರೆಗಳಲ್ಲಿ ಗುರುವಿನ ರೇಖೆಯನ್ನು ತೆಳುವಾದ ತೊಗಲಿನ ಚರಬದ ಮೇಲೆ ತಿದ್ದಿ ತಿದ್ದಿಯೇ ಶಿಷ್ಯರ ಕೈ ಕುದುರುತ್ತಿತ್ತು.

ಈಗಿನ ಟ್ಯಾಟೂ ಅಂಗಡಿಯ ಲೆಕ್ಕ ಬೇರೆ. ಒಬ್ಬ ಕಲಾವಿದೆ ಒಬ್ಬ ಗಿರಾಕಿಯ ಜೊತೆ ಕೂತು, ಅವರ ತೀರಿಹೋದ ಮಗುವಿನ ಹೆಜ್ಜೆಗುರುತನ್ನೋ ಅಪ್ಪನ ಕೈಬರಹವನ್ನೋ ಸೇರಿಸಿ ಒಂದು ಚಿತ್ರ ಕಟ್ಟುತ್ತಾಳೆ. ಅದರ ಫೋಟೋ ಫೋನಿಗೆ ಬರುತ್ತದೆ. ಸಾವಿರ ಮೈಲಿ ದೂರದ ಇನ್ನೊಬ್ಬ ಅದನ್ನು ತೋರಿಸಿ “ಇದೇ ಬೇಕು” ಅನ್ನುತ್ತಾನೆ. ನನ್ನ ಮಟ್ಟಿಗೆ ಇದು ಸಲ್ಲದು. ತುಳಸಿಕಟ್ಟೆ ಎಲ್ಲರದು, ಆ ಹೆಜ್ಜೆಗುರುತು ಒಬ್ಬರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರೇಖಾಚಿತ್ರಕ್ಕೆ, ಅದು ಚೆನ್ನಾಗಿರಲಿ ಬಿಡಲಿ, ರಕ್ಷಣೆ ಇದೆ. ಬರೆದವರು ತೀರಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಮೆರಿಕದ ಮುಷ್ಟಿಕಾಳಗಗಾರ ಮೈಕ್ ಟೈಸನ್ ಮುಖದ ಹಚ್ಚೆಯನ್ನು ಸಿನಿಮಾದಲ್ಲಿ ಇನ್ನೊಬ್ಬ ನಟನ ಮುಖಕ್ಕೆ ಬರೆದಾಗ, ಹಚ್ಚೆ ಹಾಕಿದ ಕಲಾವಿದ 2011ರಲ್ಲಿ ನ್ಯಾಯಾಲಯಕ್ಕೆ ಹೋದ. ಕೊನೆಗೆ ರಾಜಿಯಾಯಿತು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ನಾಡಿನ ಎಷ್ಟೋ ಹುಡುಗರು ಎದೆ, ತೋಳಿನ ಮೇಲೆ ಅಪ್ಪು ಮುಖ ಹಾಕಿಸಿಕೊಂಡರು. ಆ ಮುಖದ ಹಿಂದೆ ಯಾವುದೋ ಒಂದು ಫೋಟೋ, ಅದನ್ನು ತೆಗೆದ ಒಬ್ಬ ಛಾಯಾಗ್ರಾಹಕ ಇದ್ದಾನೆ. ದುಃಖದಲ್ಲಿ ಹಾಕಿಸಿಕೊಂಡವನನ್ನು ನಾನು ದೂರಲಾರೆ. ಅದೇ ಚಿತ್ರವನ್ನು ತನ್ನದೆಂದು ಅಂಗಡಿಯ ಬೋರ್ಡಿಗೆ ಹಾಕಿಕೊಂಡವನನ್ನು ದೂರುತ್ತೇನೆ.

ನಮ್ಮ ತಾಂಡಾಗಳ ವಿಷಯ ಇನ್ನೂ ಸೂಕ್ಷ್ಮ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬಟ್ಟೆ ಮಾರುವ ಸರಕಾದ್ದರಿಂದ. ತಾಂಡಾದ ಹಿರಿಯ ಹೆಂಗಸರ ಗದ್ದ, ಕೆನ್ನೆ, ಕೈ ಮೇಲಿನ ಚುಕ್ಕಿಗಳಿಗೆ ಅಂಥ ಬೇಲಿಯಿಲ್ಲ. ಆ ಚುಕ್ಕಿಯಿದ್ದವರನ್ನು ಬಸ್ಸಿನಲ್ಲಿ ದೂರ ಸರಿದು ಕೂತು ನೋಡಿದ ಜನರಿದ್ದಾರೆ. ಅದೇ ಚುಕ್ಕಿ ಈಗ ‘ಟ್ರೈಬಲ್’ ಎಂಬ ಹೆಸರಿನಲ್ಲಿ ಪೇಟೆಯ ಮೈಗೆ ಏರುತ್ತಿದೆ. ನ್ಯೂಜಿಲೆಂಡಿನ ಮಾವೋರಿಗಳು ವಂಶದ ಗುರುತಾದ ತಮ್ಮ ‘ಮೋಕೊ’ ಬೇರೆ, ಹೊರಗಿನವರು ಹಾಕಿಸಿಕೊಳ್ಳಬಹುದಾದ ‘ಕಿರಿತುಹಿ’ ಬೇರೆ ಎಂದು ವಿಂಗಡಿಸಿದ್ದಾರೆ. ನಾವು ಕನಿಷ್ಠ ಕೇಳಿ ಹಾಕಿಸಿಕೊಳ್ಳಬಹುದು, ಯಾರದೆಂದು ಹೇಳಬಹುದು.

ಫೋನಿನ ಚಿತ್ರವನ್ನು ನಕಲು ಮಾಡಿಸುವವರು ಮರೆಯುವ ಮತ್ತೊಂದು ಸಂಗತಿ ಇದೆ. ಆ ಫೋಟೋ ಬಹುಪಾಲು ಸೂಜಿ ಎತ್ತಿದ ಐದೇ ನಿಮಿಷಕ್ಕೆ ತೆಗೆದದ್ದು, ಇನ್ನೂ ಮಾಯದ್ದು. ಬಿಳಿ ಚರ್ಮದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಹೊಳೆಯುತ್ತದೆ, ತಿಳಿ ಹಳದಿ, ಗುಲಾಬಿ ಎದ್ದು ಕಾಣುತ್ತವೆ. ನಮ್ಮ ಬಣ್ಣದ ಚರ್ಮದಲ್ಲಿ ಆ ತಿಳಿ ಬಣ್ಣ ಮುಳುಗಿಹೋಗುತ್ತದೆ. ಒತ್ತೊತ್ತಾಗಿ ಎಳೆದ ಗೆರೆಗಳು ಹತ್ತು ವರ್ಷಕ್ಕೆ ಕೂಡಿಕೊಂಡು ಮಚ್ಚೆಯಾಗುತ್ತವೆ. ಆಯಿಯ ಚುಕ್ಕಿಗಳು ಇವತ್ತಿಗೂ ಬೇರೆಬೇರೆಯಾಗಿ ಎಣಿಸಲು ಸಿಗುವುದು, ಹಾಕಿದಾಕೆ ಎರಡು ಚುಕ್ಕಿಗಳ ನಡುವೆ ಜೋಳದ ಕಾಳಿನಷ್ಟು ಜಾಗ ಬಿಟ್ಟದ್ದರಿಂದ. ಚರ್ಮ ಹೇಗೆ ಮುದಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಹೋದ ತಿಂಗಳು ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಬಂದಳು. ಅವಳಿಗೆ ಆಯಿಯ ತುಳಸಿಕಟ್ಟೆಯೇ ಬೇಕು. ತೆಳು ಕಾಗದ ಇಟ್ಟು ಆಯಿಯ ಕೈ ಮೇಲಿಂದ ಗೆರೆ ತೆಗೆದುಕೊಳ್ಳುವಾಗ ಬಲಸಾಲಿಗೆ ಬಂದು ನಿಂತಳು.

“ಆಯಿ, ಇಲ್ಲಿ ಖಾಲಿ ಅದಲಾ, ನಾನೂ ಹಂಗೇ ಬಿಡ್ಲೇನು?”

“ಓಡಿ ಹೋದಾಕಿ ನಾ. ನೀ ಯಾಕ ಬಿಡ್ತೀ? ತುಂಬಿಸ್ಕೋ.”

ಬೆಂಗಳೂರಿಗೆ ಮರಳಿ, ಸೂಜಿಯ ಹೊಸ ಪಾಕೀಟು ಕಣ್ಣೆದುರೇ ಒಡೆಸಿ ಹಾಕಿಸಿಕೊಂಡಳು. ಮೂರನೇ ವಾರದ ಫೋಟೋ ನಿನ್ನೆ ಬಂತು. ಆಯಿಗೆ ಫೋನು ಹಿಡಿದು ತೋರಿಸಿದೆ. ಸಿಪ್ಪೆ ಎದ್ದು ಮುಗಿದಿತ್ತು, ಗಿಡ ಕಪ್ಪಗೆ ಕೂತಿತ್ತು. ಬಲಗಡೆಯ ಹನ್ನೊಂದನೆಯ ಚುಕ್ಕಿಯ ಸುತ್ತ ಮಾತ್ರ ಇನ್ನೂ ಸ್ವಲ್ಪ ಕೆಂಪು.